ಮುಳ್ಳಯ್ಯನಗಿರಿ ಹತ್ತಿದ ಅಭ್ಯಾಸ ಲಡಾಖಿನ ಎತ್ತರಕ್ಕೆ ಸಾಕಾಗುತ್ತದೆಯೇ?

ಗಿರಿಪಯಣಿಗ (ಚಿಕ್ಕಮಗಳೂರು) – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬರುವ ಆಗಸ್ಟ್‌ನಲ್ಲಿ ನಾವು ಐದು ಜನ ಲಡಾಖಿಗೆ ಹೋಗಿ ಮಾರ್ಖಾ ಕಣಿವೆಯ ಚಾರಣ ಮಾಡಬೇಕೆಂದು ನಿಶ್ಚಯಿಸಿದ್ದೇವೆ. ನಾನು, ನನ್ನ ಇಬ್ಬರು ಗೆಳೆಯರು, ನನ್ನ ಭಾಮೈದ ಮತ್ತು ಐವತ್ತೆಂಟು ವರ್ಷದ ನನ್ನ ಚಿಕ್ಕಪ್ಪ ಹೊರಡುವವರು. ಎಲ್ಲರೂ ನಡಿಗೆಯ ರೂಢಿಯುಳ್ಳವರೇ. ಭಾನುವಾರಗಳಂದು ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿ, ಅಲ್ಲಿಂದ ಗಿರಿಶ್ರೇಣಿಯ ಏಣಿನ ಮೇಲೆಯೇ ಬಾಬಾಬುಡನ್‌ಗಿರಿಯ ಕಡೆಗೆ ನಡೆಯುವುದು ನಮಗೆ ಹೊಸದಲ್ಲ. ಚಿಕ್ಕಪ್ಪನವರು ತೋಟದ ಇಳಿಜಾರಿನಲ್ಲಿ ದಿನವಿಡೀ ಓಡಾಡುವವರಾದ್ದರಿಂದ ಏರುದಾರಿಯಲ್ಲಿ ನಮಗಿಂತ ಮುಂದೆಯೇ ಇರುತ್ತಾರೆ.

ಪ್ರವಾಸದ ಸಂಸ್ಥೆಯೊಂದು ಕೊಟ್ಟಿರುವ ವೇಳಾಪಟ್ಟಿ ಹೀಗಿದೆ. ಮೊದಲ ದಿನ ಬೆಂಗಳೂರಿನಿಂದ ದೆಹಲಿಯ ಮೂಲಕ ವಿಮಾನದಲ್ಲಿ ಲೇಹ್ ತಲುಪಿ, ಮಧ್ಯಾಹ್ನ ಶಾಂತಿ ಸ್ತೂಪ ಮತ್ತು ಪೇಟೆ ನೋಡುವುದು. ಎರಡನೆಯ ದಿನ ಜೀಪಿನಲ್ಲಿ ಖಾರ್ದುಂಗ್ ಲಾ (ಅಲ್ಲಿನವರ ಮಾತಿನಲ್ಲಿ ‘ಲಾ’ ಎಂದರೆ ಬೆಟ್ಟ ದಾಟುವ ಎತ್ತರದ ಘಾಟಿ) ಏರಿ ಸಂಜೆಗೆ ಮರಳುವುದು. ಮೂರನೆಯ ದಿನ ಚಿಲ್ಲಿಂಗ್‌ಗೆ ಹೋಗಿ ನಡಿಗೆ ಆರಂಭಿಸಿ ಸ್ಕಿಯುವಿನಲ್ಲಿ ತಂಗುವುದು, ನಂತರ ಮಾರ್ಖಾ, ಹಂಕರ್, ನಿಮಾಲಿಂಗ್, ಏಳನೆಯ ದಿನ ಕೊಂಗ್ಮಾರು ಲಾ ದಾಟಿ ಸಂಜೆಗೆ ಲೇಹ್ ಸೇರುವುದು, ಎಂಟನೆಯ ದಿನ ವಿಮಾನ.

ನನ್ನ ಸಂದೇಹಗಳು ಇವು. ಮುಳ್ಳಯ್ಯನಗಿರಿಯ ಅಭ್ಯಾಸದಿಂದ ಎತ್ತರದ ಕಾಯಿಲೆಯನ್ನು ತಡೆಯುವ ಶಕ್ತಿ ಸ್ವಲ್ಪವಾದರೂ ಬರುತ್ತದೆಯೇ? ಎಲ್ಲರೂ ಹೇಳುವ ಡಯಾಮಾಕ್ಸ್ ಮಾತ್ರೆಯನ್ನು ಮೊದಲೇ ತೆಗೆದುಕೊಳ್ಳಬೇಕೇ? ನನ್ನ ಭಾಮೈದನಿಗೆ ಹಿಂದೊಮ್ಮೆ ಸಲ್ಫಾ ಮಾತ್ರೆಯಿಂದ ಮೈಮೇಲೆ ದದ್ದು ಎದ್ದಿತ್ತು, ಚಿಕ್ಕಪ್ಪನವರು ರಕ್ತದೊತ್ತಡಕ್ಕೆ ಔಷಧ ತೆಗೆದುಕೊಳ್ಳುತ್ತಾರೆ. ಕೊನೆಯದಾಗಿ, ಎತ್ತರದಲ್ಲಿ ಕಾಫಿ ಕುಡಿಯಬಾರದೆಂದು ಸಂಸ್ಥೆಯವರು ಬರೆದು ಕಳಿಸಿದ್ದಾರೆ. ಈ ಊರಿನವರಿಗೆ ಅದೊಂದು ಕಠಿಣ ವ್ರತವೇ ಸರಿ. ಅದು ನಿಜವಾಗಿಯೂ ಅಗತ್ಯವೇ?

---

ಹಾಸನದ ವೈದ್ಯೆ – ಉತ್ತರ

ನಿಮ್ಮ ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದವು ತಾವಾಗಿಯೇ ಬಿಡಿಸಿಕೊಳ್ಳುತ್ತವೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಪಾಲು ಎಲ್ಲೆಡೆಯೂ ಶೇಕಡಾ 21ರಷ್ಟೇ ಇರುತ್ತದೆ. ಕುಸಿಯುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಪಾದರಸದ 760 ಮಿಲಿಮೀಟರ್ ಇರುವ ಒತ್ತಡವು ಚಿಕ್ಕಮಗಳೂರು ಪೇಟೆಯಲ್ಲಿ ಸುಮಾರು 670, ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಸುಮಾರು 600, ಲೇಹ್‌ನಲ್ಲಿ 490ರ ಆಸುಪಾಸು ಮತ್ತು ನೀವು ದಾಟಲಿರುವ ಕೊಂಗ್ಮಾರು ಲಾದಲ್ಲಿ 400ರ ಆಸುಪಾಸಿಗೆ ಇಳಿಯುತ್ತದೆ. ಹೂಮಳೆ ತಡವಾದ ವರ್ಷ ನೀವು ತೋಟಕ್ಕೆ ಸ್ಪ್ರಿಂಕ್ಲರ್ ಇಟ್ಟಿರುತ್ತೀರಿ; ಪೈಪು ಅದೇ, ನೀರು ಅದೇ, ಆದರೆ ಮೋಟರಿನ ಒತ್ತಡ ಇಳಿದರೆ ಅಂಚಿನ ಗಿಡಗಳಿಗೆ ಹನಿ ಮುಟ್ಟುವುದಿಲ್ಲ. ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕ ದಾಟುವುದಕ್ಕೂ ಅಂಥದೇ ಒತ್ತಡ ಬೇಕು.

ಎತ್ತರದ ಕಾಯಿಲೆ ಸಾಮಾನ್ಯವಾಗಿ ತಲೆದೋರುವುದು 2,500 ಮೀಟರ್ ಮೀರಿದ ಮೇಲೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರ್. ಅದೂ ನೀವು ಅಲ್ಲಿರುವುದು ಒಂದೆರಡು ಗಂಟೆ, ರಾತ್ರಿ ಮಲಗುವುದು ಮನೆಯಲ್ಲಿ. ಹೀಗಾಗಿ ಆ ಅಭ್ಯಾಸದಿಂದ ತೊಡೆ, ಮೊಣಕಾಲು ಮತ್ತು ಹೃದಯಕ್ಕೆ ಲಾಭವಿದೆಯೇ ಹೊರತು ಎತ್ತರಕ್ಕೆ ದೇಹ ಹೊಂದಿಕೊಳ್ಳುವ ವಿಷಯದಲ್ಲಿ ಏನೂ ಸಿಗುವುದಿಲ್ಲ. ದೇಹದಾರ್ಢ್ಯವಿದ್ದವರಿಗೆ ಈ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆ ನಿಜವಲ್ಲ. ಅಂಥವರು ಬೇಗ ಬೇಗ ಏರುವುದರಿಂದ ಕೆಲವೊಮ್ಮೆ ಅವರೇ ಮೊದಲು ಮಲಗುತ್ತಾರೆ. ಹಿಂದೆ ಎತ್ತರದಲ್ಲಿ ತೊಂದರೆಯಾಗಿತ್ತೇ ಎಂಬುದೊಂದೇ ಸ್ವಲ್ಪಮಟ್ಟಿಗೆ ನಂಬಬಹುದಾದ ಮುನ್ಸೂಚನೆ, ಮತ್ತು ನಿಮ್ಮ ಐವರಲ್ಲಿ ಯಾರಿಗೂ ಆ ಅನುಭವವಿದ್ದಂತೆ ಕಾಣುವುದಿಲ್ಲ.

ಹೊಂದಿಕೊಳ್ಳುವಿಕೆ ಎಂದರೇನು ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮಾತ್ರೆಯ ಕೆಲಸ ಅರ್ಥವಾಗುವುದು ಅದರಿಂದಲೇ. ಆಮ್ಲಜನಕ ಕಡಿಮೆಯಾದೊಡನೆ ನಾವು ಅರಿವಿಲ್ಲದೆಯೇ ಹೆಚ್ಚು ಉಸಿರಾಡುತ್ತೇವೆ. ಹಾಗೆ ಮಾಡುವಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಅದನ್ನು ಕಂಡ ಮಿದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಈ ಜಗ್ಗಾಟದಿಂದಲೇ ಮೊದಲ ರಾತ್ರಿಗಳಲ್ಲಿ ಮಲಗಿದವರ ಉಸಿರು ಕೆಲವು ಕ್ಷಣ ನಿಂತು, ಆಮೇಲೆ ಏದುಸಿರಾಗಿ ಮತ್ತೆ ಆರಂಭವಾಗುವುದನ್ನು ಪಕ್ಕದಲ್ಲಿದ್ದವರು ಕೇಳಿ ಗಾಬರಿಯಾಗುತ್ತಾರೆ; ಅದಷ್ಟೇ ಇದ್ದರೆ ಅಪಾಯವಿಲ್ಲ. ಮುಂದಿನ ಕೆಲವು ದಿನಗಳಲ್ಲಿ ಮೂತ್ರಪಿಂಡಗಳು ಬೈಕಾರ್ಬನೇಟ್ ಎಂಬ ಕ್ಷಾರವನ್ನು ಹೊರಹಾಕಿ ರಕ್ತವನ್ನು ಸಮಸ್ಥಿತಿಗೆ ತಂದಾಗ ಉಸಿರಾಟದ ಕಡಿವಾಣ ಸಡಿಲಾಗುತ್ತದೆ. ಅಸೆಟಜೋಲಮೈಡ್, ಅಂದರೆ ಅಂಗಡಿಯಲ್ಲಿ ಡಯಾಮಾಕ್ಸ್ ಎಂದು ಸಿಗುವ ಮಾತ್ರೆ, ಮೂತ್ರಪಿಂಡಗಳ ಈ ಕೆಲಸವನ್ನೇ ತ್ವರಿತಗೊಳಿಸುತ್ತದೆ. ಆದ್ದರಿಂದ ಅದು ಲಕ್ಷಣಗಳನ್ನು ಮುಚ್ಚಿಡುತ್ತದೆ ಎಂಬ ಮಾತನ್ನು ನಂಬಬೇಡಿ. ಹಾಗೆಯೇ ಅದು ಎರಡು ದಿನದ ವಿಶ್ರಾಂತಿಗೆ ಬದಲಿಯೂ ಅಲ್ಲ.

ವಿಮಾನದಲ್ಲಿ ನೇರವಾಗಿ ಲೇಹ್‌ಗೆ ಇಳಿಯುವವರಿಗೆ ನಾನು ಸಾಮಾನ್ಯವಾಗಿ ಈ ಮಾತ್ರೆಯನ್ನು ಸೂಚಿಸುತ್ತೇನೆ: 125 ಮಿಲಿಗ್ರಾಂ ದಿನಕ್ಕೆರಡು ಬಾರಿ, ಹೊರಡುವ ಹಿಂದಿನ ದಿನದಿಂದ. ನಿಮ್ಮದರಂಥ ಚಾರಣದಲ್ಲಿ ಎಂದು ನಿಲ್ಲಿಸಬೇಕು ಎಂಬುದನ್ನು ನಿಮ್ಮ ವೈದ್ಯರೊಂದಿಗೆ ಮಾತಾಡಿಯೇ ತೀರ್ಮಾನಿಸಬೇಕು. ಬೆರಳ ತುದಿಗಳಲ್ಲಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು, ಸೋಡಾದಂಥ ಪಾನೀಯಗಳ ರುಚಿ ಕೆಡುವುದು ಸಾಮಾನ್ಯ. ನಿಮ್ಮ ಭಾಮೈದನ ವಿಷಯದಲ್ಲಿ ಹೇಳುವುದಾದರೆ, ಸಲ್ಫಾ ಪ್ರತಿಜೀವಕಕ್ಕೆ ಅಲರ್ಜಿಯಿದ್ದವರೆಲ್ಲರಿಗೂ ಇದು ಒಗ್ಗುವುದಿಲ್ಲವೆಂದಲ್ಲ. ಆದರೆ ಹಿಂದಿನ ತೊಂದರೆ ಉಸಿರುಗಟ್ಟುವಷ್ಟು ಅಥವಾ ಚರ್ಮ ಸುಲಿದುಬರುವಷ್ಟು ತೀವ್ರವಾಗಿದ್ದರೆ ಮುಟ್ಟಲೇಬಾರದು. ಬರೀ ದದ್ದಾಗಿದ್ದರೆ ಊರಿನಲ್ಲಿರುವಾಗಲೇ, ವೈದ್ಯರ ಎದುರಿನಲ್ಲಿ ಒಂದು ಮಾತ್ರೆ ನುಂಗಿ ನೋಡುವುದು ಕ್ರಮ. ಲೇಹ್‌ಗೆ ಹೋಗಿ ಪರೀಕ್ಷಿಸುವ ವಿಷಯ ಇದಲ್ಲ.

ನಿಮ್ಮ ಚಿಕ್ಕಪ್ಪನವರು ರಕ್ತದೊತ್ತಡದ ಔಷಧವನ್ನು ನಿಲ್ಲಿಸಬಾರದು. ಎತ್ತರದ ಮೊದಲ ದಿನಗಳಲ್ಲಿ ಒತ್ತಡ ಇನ್ನಷ್ಟು ಏರುವುದುಂಟು. ಅವರ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿದೆಯೇ ಎಂದು ನೋಡಿಸಿ, ಏಕೆಂದರೆ ಅದರ ಜೊತೆಗೆ ಅಸೆಟಜೋಲಮೈಡ್ ಸೇರಿದರೆ ನೀರು ಮತ್ತು ಪೊಟ್ಯಾಸಿಯಂ ಎರಡೂ ಇಳಿಯಬಹುದು. ಮೂತ್ರಪಿಂಡದಲ್ಲಿ ಕಲ್ಲಿನ ಇತಿಹಾಸವಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು.

ಕಾಫಿಯನ್ನು ಬಿಡಬೇಡಿ. ದಿನಕ್ಕೆ ಮೂರು ಲೋಟ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಮರುದಿನವೇ ತಲೆನೋವು ಬರುತ್ತದೆ, ಮತ್ತು ಎತ್ತರದ ಕಾಯಿಲೆಯ ಮುಖ್ಯ ಲಕ್ಷಣವೂ ತಲೆನೋವೇ. ಯಾವುದು ಯಾವುದೆಂದು ಲೇಹ್‌ನಲ್ಲಿ ಕುಳಿತು ಬಿಡಿಸುವ ಕಷ್ಟ ನಿಮಗೆ ಬೇಡ. ಡಿಕಾಕ್ಷನ್ ಮಾತ್ರ ಮನೆಯಲ್ಲಿ ಇಳಿದಷ್ಟು ಚೆನ್ನಾಗಿ ಇಳಿಯುವುದಿಲ್ಲ. ಒತ್ತಡ ಕಡಿಮೆಯಾದ್ದರಿಂದ ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿದುಬಿಡುತ್ತದೆ. ಬಿಡಬೇಕಾದದ್ದು ಮದ್ಯ ಮತ್ತು ನಿದ್ರೆಮಾತ್ರೆ. ಎರಡೂ ರಾತ್ರಿಯ ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತವೆ.

---

ಮಾಜಿ ಯೋಧ (ಅರಕಲಗೂಡು) – ಉತ್ತರ

ಡಾಕ್ಟರ್ ಅವರು ದೇಹದ ಲೆಕ್ಕ ಹೇಳಿದ್ದಾರೆ; ನಾನು ದಿನಗಳ ಲೆಕ್ಕ ಹೇಳುತ್ತೇನೆ. ನಿಮ್ಮ ವೇಳಾಪಟ್ಟಿಯನ್ನು ಓದಿದಾಗ ನನಗೆ ಅನ್ನಿಸಿದ್ದೆಂದರೆ, ಅದನ್ನು ಬರೆದವರು ಹೋಟೆಲಿನ ಬಾಡಿಗೆ ಉಳಿಸುವುದನ್ನು ನೋಡಿದ್ದಾರೆಯೇ ಹೊರತು ಎತ್ತರವನ್ನು ನೋಡಿಲ್ಲ.

ನಮ್ಮ ಸೇನೆಯಲ್ಲಿ ಇಪ್ಪತ್ತೆರಡು ವರ್ಷದ ಗಟ್ಟಿಮುಟ್ಟಾದ ಜವಾನನನ್ನೂ ಲೇಹ್‌ಗೆ ಇಳಿದ ಮರುದಿನ ಬೆಟ್ಟಕ್ಕೆ ಅಟ್ಟುವುದಿಲ್ಲ. ಹೊಂದಿಕೊಳ್ಳುವಿಕೆ ಮೂರು ಹಂತಗಳಲ್ಲಿ ನಡೆಯುತ್ತದೆ: 2,700ರಿಂದ 3,600 ಮೀಟರ್‌ವರೆಗಿನ ಎತ್ತರಕ್ಕೆ ಆರು ದಿನ, 3,600ರಿಂದ 4,500ರವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ. ಮೊದಲ ಹಂತದಲ್ಲಿ ಮೊದಲೆರಡು ದಿನ ಸಂಪೂರ್ಣ ವಿಶ್ರಾಂತಿ, ಬ್ಯಾರಕ್ಕಿನ ಆಸುಪಾಸಿನಲ್ಲಿ ಓಡಾಟ ಮಾತ್ರ. ಮೂರು ಮತ್ತು ನಾಲ್ಕನೆಯ ದಿನ ಏರಿಲ್ಲದ ದಾರಿಯಲ್ಲಿ ಒಂದೂವರೆಯಿಂದ ಮೂರು ಕಿಲೋಮೀಟರ್ ನಿಧಾನ ನಡಿಗೆ. ಐದು ಮತ್ತು ಆರನೆಯ ದಿನ ಐದು ಕಿಲೋಮೀಟರ್‌ವರೆಗೆ ನಡಿಗೆ ಮತ್ತು ಹೆಚ್ಚೆಂದರೆ 300 ಮೀಟರ್ ಏರು. ರಜೆಯ ಮೇಲೆ ಊರಿಗೆ ಬಂದು ಮರಳುವವನಿಗೂ ಇದು ತಪ್ಪಿದ್ದಲ್ಲ, ಏಕೆಂದರೆ ಕೆಳಗೆ ಬಂದು ಕೆಲವು ವಾರ ಕಳೆದರೆ ದೇಹ ಗಳಿಸಿದ್ದು ಕರಗಿಹೋಗುತ್ತದೆ.

ಈ ಕಟ್ಟುನಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. 1962ರ ಯುದ್ಧಕಾಲದಲ್ಲಿ ಬಯಲಿನ ಸೈನಿಕರನ್ನು ಅವಸರದಲ್ಲಿ ಹಿಮಾಲಯಕ್ಕೆ ಏರಿಸಿದಾಗ ಕಾಯಿಲೆ ಬಿದ್ದವರು ಬಹಳ. ನಂತರದ ವರ್ಷಗಳಲ್ಲಿ ನಮ್ಮ ಸೇನಾ ವೈದ್ಯರು ಹಿಮಾಲಯದ ಸೈನಿಕರಲ್ಲಿ ಕಂಡ 1,925 ಪ್ರಕರಣಗಳನ್ನು ಪರಿಶೀಲಿಸಿ 1969ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಂದಿಗೂ ಜಗತ್ತಿನ ವೈದ್ಯರು ಉಲ್ಲೇಖಿಸುತ್ತಾರೆ.

ನಿಮಗೆ ಹದಿನಾಲ್ಕು ದಿನ ಸಿಗುವುದಿಲ್ಲ, ಅದು ನನಗೂ ಗೊತ್ತು. ಆದರೂ ಲೇಹ್‌ನಲ್ಲಿ ಮೂರು ರಾತ್ರಿ ಕಳೆಯದೆ ಬೆನ್ನಿಗೆ ಚೀಲ ಏರಿಸಬೇಡಿ. ವಿಮಾನದಲ್ಲಿ ಬಂದವರು ಕನಿಷ್ಠ 48 ಗಂಟೆ ವಿಶ್ರಾಂತಿ ಪಡೆಯಬೇಕೆಂದು ಅಲ್ಲಿನ ಆಡಳಿತವೇ ಪ್ರವಾಸಿಗರಿಗೆ ಸಲಹೆ ನೀಡುತ್ತದೆ. ನಿಮ್ಮ ಸಂಸ್ಥೆಯವರು 24 ಗಂಟೆಗೇ ನಿಮ್ಮನ್ನು 5,359 ಮೀಟರ್ ಎತ್ತರದ ಖಾರ್ದುಂಗ್ ಲಾಗೆ ಸಾಗಿಸಲು ಹೊರಟಿದ್ದಾರೆ. ಮೊದಲ ದಿನದ ಶಾಂತಿ ಸ್ತೂಪವನ್ನೂ ಕೈಬಿಡಿ; ಅಲ್ಲಿ ಮೆಟ್ಟಿಲುಗಳಿವೆ, ಇಳಿದ ದಿನದ ಉತ್ಸಾಹ ಹೆಚ್ಚು ಕಾಲ ಇರುವುದಿಲ್ಲ. ಮಧ್ಯಾಹ್ನದವರೆಗೆ ಎಲ್ಲರೂ ನಗುನಗುತ್ತಾ ಫೋಟೋ ತೆಗೆದುಕೊಳ್ಳುತ್ತಾರೆ, ತಲೆ ಹಿಡಿದುಕೊಳ್ಳುವುದು ರಾತ್ರಿಯ ಊಟದ ಹೊತ್ತಿಗೆ.

---

ಕಾಫಿ ಗಿಡ (ಬಾಳೆಹೊನ್ನೂರು) – ಉತ್ತರ

ಹಿರಿಯರು ಇಷ್ಟು ವಿವರವಾಗಿ ಹೇಳಿದ ಮೇಲೆ ನಾನು ಸೇರಿಸುವುದು ಸ್ವಲ್ಪವೇ. ನಾವು ಅಮರನಾಥ ಯಾತ್ರೆಗೆ ಹೋದಾಗ ತಂಡದಲ್ಲಿದ್ದ ಎಲ್ಲರೂ ಬಟ್ಟೆಯಲ್ಲಿ ಕರ್ಪೂರ ಕಟ್ಟಿಕೊಂಡು ಮೂಸುತ್ತಾ ಹೋದೆವು, ರಾತ್ರಿ ಬೆಳ್ಳುಳ್ಳಿ ಸಾರು ಕುಡಿದೆವು. ಯಾರಿಗೂ ಹೆಚ್ಚಿನ ತೊಂದರೆಯಾಗಲಿಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಚಿಕ್ಕ ಆಮ್ಲಜನಕದ ಡಬ್ಬಿಗಳನ್ನೂ ಒಯ್ದಿದ್ದೆವು. ಮಾತ್ರೆಗಿಂತ ಇಂಥವು ಒಳ್ಳೆಯವಲ್ಲವೇ?

---

ಹಾಸನದ ವೈದ್ಯೆ – ಉತ್ತರ

ಕರ್ಪೂರದ ಘಾಟಿನಿಂದ ಮೂಗು ತೆರೆದಂತೆ ಅನ್ನಿಸಿ ಮನಸ್ಸಿಗೆ ಹಿತವಾಗಬಹುದು, ರಕ್ತದ ಆಮ್ಲಜನಕ ಅದರಿಂದ ಏರುವುದಿಲ್ಲ. ಬೆಳ್ಳುಳ್ಳಿ ಸಾರು ಬಿಸಿಯಾಗಿ ಹೊಟ್ಟೆಗಿಳಿದರೆ ಒಳ್ಳೆಯದೇ, ಆದರೆ ಅದನ್ನು ಊಟವೆಂದು ಕುಡಿಯಿರಿ, ಔಷಧವೆಂದಲ್ಲ. ಚಿಕ್ಕ ಡಬ್ಬಿಯ ಆಮ್ಲಜನಕ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಕಾಯಿಲೆ ಬಿದ್ದವರಿಗೆ ಬೇಕಾದದ್ದು ಗಂಟೆಗಟ್ಟಲೆ ಹರಿಯುವ ಸಿಲಿಂಡರ್. ಈ ಮೂರರಲ್ಲಿ ಯಾವುದೂ ವಿಷವಲ್ಲ. ಅವು ಕೈಯಲ್ಲಿವೆ ಎಂಬ ಧೈರ್ಯದಿಂದ ಕೆಳಗಿಳಿಯುವುದನ್ನು ಮುಂದೂಡುತ್ತಾರಲ್ಲ, ಅಪಾಯವಿರುವುದು ಅಲ್ಲಿ.

---

ಚಾರಣದ ದಾರಿ (ಸಕಲೇಶಪುರ) – ಉತ್ತರ

ನಾನು ಬೇಸಿಗೆ ಮತ್ತು ಮಳೆಗಾಲದ ತಿಂಗಳುಗಳಲ್ಲಿ ಹಿಮಾಲಯದ ಚಾರಣಗಳಿಗೆ ತಂಡಗಳನ್ನು ಕರೆದೊಯ್ಯುವವನು. ಮಾರ್ಖಾ ದಾರಿಯ ಒಂದು ವಿಶೇಷವನ್ನು ಇಲ್ಲಿ ಯಾರೂ ಪ್ರಸ್ತಾಪಿಸಿಲ್ಲ, ಅದನ್ನೇ ಸ್ವಲ್ಪ ವಿಸ್ತರಿಸುತ್ತೇನೆ.

ನಮ್ಮ ಪಶ್ಚಿಮಘಟ್ಟದ ಬೆಟ್ಟಗಳಲ್ಲಿ ಯಾವ ಜಾಗದಲ್ಲಿ ಸುಸ್ತಾದರೂ ಬಂದ ದಾರಿಯಲ್ಲೋ ಮುಂದಿನ ದಾರಿಯಲ್ಲೋ ಒಂದೆರಡು ಗಂಟೆಯಲ್ಲಿ ರಸ್ತೆ ಸಿಗುತ್ತದೆ. ಮಾರ್ಖಾ ಕಣಿವೆ ಹಾಗಲ್ಲ. ಅದು ನದಿಯ ಜೊತೆಯಲ್ಲೇ ದಿನೇ ದಿನೇ ಮೆಲ್ಲನೆ ಏರುತ್ತಾ ಹೋಗಿ, ಸುಮಾರು 4,700 ಮೀಟರ್ ಎತ್ತರದ ನಿಮಾಲಿಂಗ್ ಎಂಬ ಹುಲ್ಲುಗಾವಲಿನಲ್ಲಿ ನಿಮ್ಮನ್ನು ತಂದು ನಿಲ್ಲಿಸುತ್ತದೆ. ಅಲ್ಲಿ ರಾತ್ರಿ ಯಾರಿಗಾದರೂ ಕಾಯಿಲೆ ಕಾಣಿಸಿಕೊಂಡರೆ ಮುಂದೆ ಹೋಗುವುದೆಂದರೆ 5,200 ಮೀಟರ್ ಮೀರಿದ ಕೊಂಗ್ಮಾರು ಲಾ ಹತ್ತುವುದೇ; ರೋಗಿಯನ್ನು ಇನ್ನೂ ಮೇಲಕ್ಕೆ ಒಯ್ಯುವುದು ಆತ್ಮಹತ್ಯೆಗೆ ಸಮ. ಹಿಂದೆ ಇಳಿಯುವುದೊಂದೇ ದಾರಿ, ಅದೂ ಹಂಕರ್‌ವರೆಗೆ ಹಲವು ಗಂಟೆಗಳ ನಡಿಗೆ ಅಥವಾ ಕುದುರೆಯ ಸವಾರಿ. ಹಾಗಾಗಿ ಈ ಚಾರಣದಲ್ಲಿ ತೀರ್ಮಾನ ತೆಗೆದುಕೊಳ್ಳಬೇಕಾದದ್ದು ನಿಮಾಲಿಂಗ್ ತಲುಪುವ ಮುನ್ನ. ಬೆಳಗ್ಗೆ ಎದ್ದಾಗ ತಲೆನೋವು ಉಳಿದಿರುವವರು ಅಂದು ಮೇಲಕ್ಕೆ ನಡೆಯಬಾರದು ಎಂಬುದು ನನ್ನ ತಂಡದ ನಿಯಮ, ಅದಕ್ಕೆ ವಿನಾಯಿತಿ ಇಲ್ಲ.

ನಿಮ್ಮ ಪಟ್ಟಿಯ ಎರಡನೆಯ ತೊಡಕು ಹಂಕರ್‌ನಿಂದ ನಿಮಾಲಿಂಗ್‌ಗೆ ಒಂದೇ ದಿನದಲ್ಲಿ ಹೋಗುವುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎಂಬುದು ಎಲ್ಲೆಡೆ ಒಪ್ಪಿರುವ ಕ್ರಮ. ಹಗಲಿನಲ್ಲಿ ಎಷ್ಟು ಏರಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದು ಮುಖ್ಯ. ಹಂಕರ್ ಸುಮಾರು 4,000 ಮೀಟರಿನಲ್ಲಿದೆ, ಅಂದರೆ ಆ ಒಂದು ದಿನದ ಜಿಗಿತ ಸುಮಾರು 700 ಮೀಟರ್. ನಡುವೆ ಥಚುಂಗ್ತ್ಸೆ ಎಂಬ ತಂಗುದಾಣವಿದೆ; ಅಲ್ಲಿ ಒಂದು ರಾತ್ರಿ ಕಳೆದರೆ ಈ ಏರಿಕೆ ಎರಡು ಪಾಲಾಗುತ್ತದೆ.

ಇನ್ನು ಗುರುತಿಸುವುದರ ಬಗ್ಗೆ. ತಲೆನೋವಿನ ಜೊತೆಗೆ ಹಸಿವಿಲ್ಲದಿರುವುದು, ವಾಕರಿಕೆ, ತಲೆಸುತ್ತು, ವಿಪರೀತ ಆಯಾಸ ಸೇರಿದರೆ ಬೇರೆ ಕಾರಣ ಸಾಬೀತಾಗುವ ತನಕ ಅದನ್ನು ಎತ್ತರದ ಕಾಯಿಲೆಯೆಂದೇ ಭಾವಿಸಬೇಕು. ಹೋಟೆಲಿನ ಊಟ ಸರಿಯಿರಲಿಲ್ಲ, ಬಿಸಿಲು ತಾಗಿತು, ನಿದ್ರೆಯಾಗಿಲ್ಲ ಎಂದು ನೆಪ ಹುಡುಕುವುದರಲ್ಲಿ ನಮ್ಮ ಜನ ಬಹಳ ಚುರುಕು. ಒಮ್ಮೆ ನಮ್ಮ ತಂಡದಲ್ಲಿ ಮ್ಯಾರಥಾನ್ ಓಡುವ ಯುವಕನೊಬ್ಬನಿದ್ದ. ಉಳಿದವರ ಪ್ರವಾಸ ಹಾಳಾಗಬಾರದೆಂದು ಅವನು ಹಿಂದಿನ ಸಂಜೆಯ ತಲೆನೋವನ್ನು ಯಾರಿಗೂ ಹೇಳಿರಲಿಲ್ಲ. ಬೆಳಗ್ಗೆ ಡೇರೆಯ ಬಾಗಿಲಲ್ಲಿ ಕುಳಿತು ಬೂಟಿನ ಲೇಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದ. ಕಟ್ಟಲು ಹೋಗುವನು, ತುದಿಗಳು ಜಾರುವುವು, ಮತ್ತೆ ಮೊದಲಿನಿಂದ ಆರಂಭಿಸುವನು. ಹೆಸರು ಕರೆದರೆ ನಗುತ್ತಿದ್ದ, ಉತ್ತರ ಮಾತ್ರ ತಡವಾಗಿ ಬರುತ್ತಿತ್ತು. ಒಂದು ಹೆಜ್ಜೆಯ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತಾ ನೇರ ಗೆರೆಯಲ್ಲಿ ನಡೆ ಎಂದಾಗ ನಾಲ್ಕನೆಯ ಹೆಜ್ಜೆಗೇ ಪಕ್ಕಕ್ಕೆ ವಾಲಿದ. ಅದು ಮಿದುಳಿನ ಊತದ ಲಕ್ಷಣ. ಚಹಾ ಕೂಡ ಕಾಯಿಸದೆ ಇಬ್ಬರು ಅವನನ್ನು ಹಿಡಿದುಕೊಂಡು ಕೆಳಗಿಳಿದರು. ಕಣಿವೆಯ ತಳ ತಲುಪುವ ಹೊತ್ತಿಗೆ ಅವನು ಸ್ವತಃ ನಡೆಯುತ್ತಿದ್ದ.

ಶ್ವಾಸಕೋಶದಲ್ಲಿ ನೀರು ತುಂಬುವ ಇನ್ನೊಂದು ಬಗೆ ಇದಕ್ಕಿಂತ ಮೋಸದ್ದು, ಏಕೆಂದರೆ ಅದು ತಲೆನೋವಿಲ್ಲದೆಯೂ ಬರಬಹುದು. ಸಾಮಾನ್ಯವಾಗಿ ಎತ್ತರ ತಲುಪಿದ ಎರಡರಿಂದ ನಾಲ್ಕನೆಯ ರಾತ್ರಿಯೊಳಗೆ ತೋರುತ್ತದೆ. ನಿನ್ನೆಯವರೆಗೆ ಮುಂದಿದ್ದವರು ಇಂದು ಕಾರಣವಿಲ್ಲದೆ ಹಿಂದೆ ಬೀಳುತ್ತಾರೆ, ಒಣಕೆಮ್ಮು ಆರಂಭವಾಗುತ್ತದೆ, ಕುಳಿತರೂ ಏದುಸಿರು ನಿಲ್ಲುವುದಿಲ್ಲ, ಮಲಗಿದರೆ ಹೆಚ್ಚಾಗುತ್ತದೆ, ತುಟಿ ಉಗುರುಗಳು ನೀಲಿಗಟ್ಟುತ್ತವೆ. ಗುಲಾಬಿ ಬಣ್ಣದ ನೊರೆ ಬರುವವರೆಗೆ ಕಾಯುವುದೆಂದರೆ ತಡವಾಯಿತೆಂದೇ ಅರ್ಥ. ಚಳಿಯಿಂದ ಇದು ಉಲ್ಬಣಿಸುತ್ತದೆ. ನೆಗಡಿ ಕೆಮ್ಮು ಇದ್ದವರು ಅದು ವಾಸಿಯಾಗದೆ ಹೊರಡಬಾರದು.

ಎರಡಕ್ಕೂ ಮದ್ದು ಇಳಿಯುವುದೇ. ಲಕ್ಷಣ ತಗ್ಗುವವರೆಗೆ, ಕನಿಷ್ಠ 300ರಿಂದ 1,000 ಮೀಟರ್. ಕತ್ತಲಾದರೂ ಇಳಿಯಬೇಕು, ಒಬ್ಬರನ್ನೇ ಕಳಿಸಬಾರದು. ಡೆಕ್ಸಾಮೆಥಾಸೋನ್, ನಿಫೆಡಿಪೈನ್ ಎಂಬ ಔಷಧಗಳು, ಸಿಲಿಂಡರಿನ ಆಮ್ಲಜನಕ, ರೋಗಿಯನ್ನು ಒಳಗಿಟ್ಟು ಗಾಳಿ ತುಂಬುವ ಗ್ಯಾಮೋ ಚೀಲ, ಇವೆಲ್ಲ ಇಳಿಯುವವರೆಗಿನ ಆಸರೆ. ನಿಮ್ಮ ಸಂಸ್ಥೆಯವರು ಇವುಗಳಲ್ಲಿ ಯಾವುದನ್ನು ಜೊತೆಗೆ ಒಯ್ಯುತ್ತಾರೆ ಮತ್ತು ಅವುಗಳನ್ನು ಬಳಸಲು ಯಾರಿಗೆ ಬರುತ್ತದೆ ಎಂದು ಈಗಲೇ ಬರಹದಲ್ಲಿ ಕೇಳಿ. ಉತ್ತರ ನುಣುಚಿಕೊಂಡರೆ ಬೇರೆಯವರನ್ನು ನೋಡಿ.

---

ಗಿರಿಪಯಣಿಗ (ಚಿಕ್ಕಮಗಳೂರು) – ಮರುಪ್ರಶ್ನೆ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಮುದ್ರಿಸಿ ಚಿಕ್ಕಪ್ಪನವರಿಗೂ ಓದಲು ಕೊಟ್ಟೆ. ಇನ್ನು ನಾಲ್ಕು ದಿನ ಹೆಚ್ಚಿಸುವುದಕ್ಕೆ ಎಲ್ಲರೂ ಒಪ್ಪಿದ್ದಾರೆ. ಖಾರ್ದುಂಗ್ ಲಾವನ್ನು ಆರಂಭದಿಂದ ತೆಗೆದು, ಸಮಯ ಉಳಿದರೆ ಚಾರಣದ ನಂತರ ನೋಡೋಣವೆಂದು ತೀರ್ಮಾನಿಸಿದ್ದೇವೆ. ಈಗ ಎರಡು ವಿಷಯ ಉಳಿದಿವೆ. ವಿಮಾನದ ಬದಲು ರಸ್ತೆಯಲ್ಲಿ ಹೋದರೆ ಒಳ್ಳೆಯದೇ, ಹಾಗಿದ್ದರೆ ಮನಾಲಿಯಿಂದಲೋ ಶ್ರೀನಗರದಿಂದಲೋ? ಕೋವಿಡ್ ಕಾಲದಲ್ಲಿ ಕೊಂಡ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಯಲ್ಲಿದೆ, ಅದನ್ನು ನಂಬಬಹುದೇ?

---

ಚಾರಣದ ದಾರಿ (ಸಕಲೇಶಪುರ) – ಉತ್ತರ

ರಸ್ತೆಯಾದರೆ ಶ್ರೀನಗರದಿಂದ ಹೋಗಿ. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ ಸುಮಾರು 2,700, ಲೇಹ್ 3,500. ಕಾರ್ಗಿಲ್‌ನಲ್ಲಿ ಎರಡು ರಾತ್ರಿ ಮಲಗಿದರೆ ಏರಿಕೆ ಹಿತಮಿತವಾಗಿರುತ್ತದೆ. ದಾರಿಯಲ್ಲಿ ಬರುವ ಫೋಟು ಲಾ 4,108 ಮೀಟರ್ ಇದ್ದರೂ ಅದನ್ನು ಗಾಡಿಯಲ್ಲಿ ದಾಟಿ ಕೆಳಗಿಳಿಯುವುದರಿಂದ ತೊಂದರೆ ಕಡಿಮೆ. ಮನಾಲಿಯ ದಾರಿಯಲ್ಲಿ ಹಲವರು ಎರಡನೆಯ ರಾತ್ರಿಯೇ ಸುಮಾರು 4,300 ಮೀಟರ್ ಎತ್ತರದ ಸರ್ಚುವಿನಲ್ಲಿ ತಂಗುತ್ತಾರೆ. ಲೇಹ್‌ಗಿಂತ 800 ಮೀಟರ್ ಎತ್ತರದಲ್ಲಿ, ಹೊಂದಿಕೊಳ್ಳುವ ಮುನ್ನವೇ, ಗಾಳಿ ಬೀಸುವ ಬಯಲಿನ ಡೇರೆಯಲ್ಲಿ ಮಲಗಿದವರ ನರಳಾಟವನ್ನು ನಾನು ಸಾಕಷ್ಟು ಕೇಳಿದ್ದೇನೆ. ಆ ದಾರಿಯನ್ನು ಮರಳುವಾಗ ಬಳಸಿದರೆ ಸಂತೋಷವಾಗಿ ನೋಡಿಕೊಂಡು ಬರಬಹುದು.

---

ಹಾಸನದ ವೈದ್ಯೆ – ಉತ್ತರ

ಆಕ್ಸಿಮೀಟರನ್ನು ಒಯ್ಯಿರಿ, ಅದರ ಅಂಕಿಗೆ ಗುಲಾಮರಾಗಬೇಡಿ. ಹಾಸನದಲ್ಲಿ ರಕ್ತದ ಆಮ್ಲಜನಕ ಶೇಕಡಾ 88 ಎಂದು ಕಂಡರೆ ನಾನು ರೋಗಿಯನ್ನು ದಾಖಲಿಸಿಕೊಳ್ಳುತ್ತೇನೆ. ಲೇಹ್‌ನಲ್ಲಿ ಮೊದಲ ದಿನ ಆರೋಗ್ಯವಂತರಲ್ಲೂ ಆ ಅಂಕಿ ಸಹಜ. ತಣ್ಣಗಿರುವ ಬೆರಳು, ಉಗುರಿನ ಬಣ್ಣ, ನಡುಗುವ ಕೈ, ಇವೆಲ್ಲವೂ ಅಂಕಿಯನ್ನು ಕೆಡಿಸುತ್ತವೆ, ಆದ್ದರಿಂದ ಕೈಯನ್ನು ಬೆಚ್ಚಗೆ ಮಾಡಿಕೊಂಡು, ಐದು ನಿಮಿಷ ಸುಮ್ಮನೆ ಕುಳಿತ ನಂತರ ಐವರೂ ಒಂದೇ ಹೊತ್ತಿಗೆ ನೋಡಿ ಬರೆದಿಡಿ. ನಾಲ್ವರಲ್ಲಿ ದಿನದಿಂದ ದಿನಕ್ಕೆ ಏರುತ್ತಿದ್ದು ಒಬ್ಬರಲ್ಲಿ ಮಾತ್ರ ಇಳಿಯುತ್ತಿದ್ದರೆ ಅವರ ಮೇಲೆ ಕಣ್ಣಿಡಬೇಕು. ಅಂಕಿ ಚೆನ್ನಾಗಿದೆ, ಆದರೆ ಮನುಷ್ಯ ತೂರಾಡುತ್ತಿದ್ದಾನೆ ಎಂದಾದರೆ ಅಂಕಿಯನ್ನು ಬದಿಗಿಟ್ಟು ಇಳಿಯಿರಿ.

ನೀರಿನ ವಿಷಯವನ್ನು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಣಗಾಳಿಯಲ್ಲಿ ದಿನಕ್ಕೆ ಮೂರು ನಾಲ್ಕು ಲೀಟರ್ ದ್ರವ ಸಾಕು, ಅದರಲ್ಲಿ ಸಾರು, ಚಹಾ, ನಿಮ್ಮ ಕಾಫಿ ಎಲ್ಲವೂ ಸೇರುತ್ತವೆ. ಎತ್ತರದ ಕಾಯಿಲೆ ನೀರಿನಿಂದ ವಾಸಿಯಾಗುತ್ತದೆಂದು ಆರೇಳು ಲೀಟರ್ ಕುಡಿದು ರಕ್ತದ ಸೋಡಿಯಂ ಇಳಿಸಿಕೊಳ್ಳುವವರೂ ಇದ್ದಾರೆ. ಮೂತ್ರದ ಬಣ್ಣ ತಿಳಿಯಾಗಿದ್ದರೆ ಕುಡಿದದ್ದು ಸಾಕೆಂದು ತಿಳಿಯಿರಿ.

---

ಮಾಜಿ ಯೋಧ (ಅರಕಲಗೂಡು) – ಉತ್ತರ

ನಿಮ್ಮ ಚಿಕ್ಕಪ್ಪನವರಿಗೆ ಒಂದು ಮಾತು. ಅವರು ಏರುದಾರಿಯಲ್ಲಿ ಮುಂದಿರುವವರು ಎಂದು ಬರೆದಿದ್ದೀರಿ. ಮಾರ್ಖಾದಲ್ಲಿ ಅವರನ್ನು ಕೊನೆಯಲ್ಲಿ ನಡೆಸಬೇಡಿ, ಮೊದಲಿನಲ್ಲೂ ನಡೆಸಬೇಡಿ. ನಿಮ್ಮಲ್ಲಿ ಅತಿ ನಿಧಾನವಾಗಿ ನಡೆಯುವವರು ಮುಂದಿರಲಿ, ಉಳಿದವರು ಅವರ ಹೆಜ್ಜೆಗೆ ಹೆಜ್ಜೆ ಹಾಕಲಿ. ಮಾತಾಡುತ್ತಾ ನಡೆಯಲು ಸಾಧ್ಯವಾಗುವಷ್ಟು ನಿಧಾನವಿರಬೇಕು. ಹೊರಡುವ ಮುನ್ನ ಅವರ ಹೃದಯ ಪರೀಕ್ಷೆ ಮಾಡಿಸಿ, ಅದರ ವರದಿ ಮತ್ತು ಔಷಧದ ಚೀಟಿಯ ಪ್ರತಿಯೊಂದನ್ನು ನಿಮ್ಮ ಚೀಲದಲ್ಲೂ ಇಟ್ಟುಕೊಳ್ಳಿ. ಲೇಹ್‌ನಲ್ಲಿ ಎಸ್‌ಎನ್‌ಎಂ ಆಸ್ಪತ್ರೆಯಿದೆ. ಅಲ್ಲಿನವರಿಗೆ ಈ ಕಾಯಿಲೆ ದಿನನಿತ್ಯದ್ದು. ನೀವು ಉಳಿಯುವ ಜಾಗದಿಂದ ಅದು ಎಷ್ಟು ದೂರ ಎಂದು ಇಳಿದ ದಿನವೇ ಹೋಟೆಲಿನವರಲ್ಲಿ ಕೇಳಿಟ್ಟುಕೊಳ್ಳಿ, ಮತ್ತು ರಾತ್ರಿ ಗಾಡಿ ಬೇಕಾದರೆ ಯಾರಿಗೆ ಫೋನ್ ಮಾಡಬೇಕೆಂದೂ ಕೇಳಿ.